ತೊಂಬತ್ತೆರಡೂವರೆಗೆ ಕುದಿಯುವ ನೀರು

ಲಾಜರಸ್ ಮಿನೇಜಸ್ ಪಿಯುಸಿಯ ಭೌತಶಾಸ್ತ್ರದಲ್ಲಿ ಎರಡು ಸಲ ಫೇಲಾದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸಬರು ಯಾರು ಸಿಕ್ಕಿದರೂ ಅವನು ಹೆಸರಿನ ಜೊತೆಗೇ ಹೇಳುತ್ತಿದ್ದದ್ದು ಇದನ್ನು. ಶಿರ್ವದ ಕಡೆಯವನು. ನಲವತ್ತು ದಾಟಿತ್ತು, ಮುಂದಲೆ ಬೋಳಾಗಿತ್ತು, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಅರಬ್ ದೇಶದ ಬೆಟ್ಟದ ಮೇಲಿನ ಊರು ಅಭಾದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಇಕ್ಕಳ, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಅವುಗಳ ಮೇಲಿನ ರೋಗಾಣು ಕೊಲ್ಲುವುದು ಅವನ ಕೆಲಸ. ನಾನು ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹೆಡ್ ನರ್ಸ್ ಆಗಿದ್ದೆ. ಹೆಸರು ಎಲ್ಸಾ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಲ್ಯಾನ್ಸಿ ಹೇಳುತ್ತಾನೆ. ಲ್ಯಾನ್ಸಿ ಸುಳ್ಳು ಹೇಳುವವನಲ್ಲ.

ಈ ಕಥೆಯಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಅದರ ಜಾಗ ಬಂದಾಗ ಹೇಳುತ್ತೇನೆ, ಬಚ್ಚಿಡುವುದಿಲ್ಲ.

ಲ್ಯಾನ್ಸಿ ಆಸ್ಪತ್ರೆಯ ವ್ಯಾನ್ ಡ್ರೈವರ್. ಎರಡು ವಾರಕ್ಕೊಮ್ಮೆ ಘಾಟಿ ಇಳಿದು ಸಮುದ್ರದ ದಡದ ಜಿದ್ದಾಕ್ಕೆ ಹೋಗಿ ಔಷಧಿ, ಹತ್ತಿ, ಗ್ಲೌಸ್ ತುಂಬಿಕೊಂಡು ಬರುತ್ತಿದ್ದ. ತೊಂಬತ್ತಮೂರನೇ ಇಸವಿಯಲ್ಲಿ ಲಾಜರಸನ ಪಾಸ್‌ಪೋರ್ಟ್ ರಿನ್ಯೂ ಆಗಬೇಕಿತ್ತು, ಅವನೂ ಜೊತೆಗೆ ಹೋದ. ಶುಕ್ರವಾರ ಮಧ್ಯಾಹ್ನ ಜಿದ್ದಾದ ಶರಫಿಯಾ ಪೇಟೆಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತರಂತೆ. ಅಲ್ಲಿ ಶುಕ್ರವಾರವೆಂದರೆ ಒಂದು ಮೇಜಿಗೆ ಮೂರು ಗುಂಪು. ಸಾರಿಗೆ ಕೈ ಹಾಕಿದವನೇ ಲಾಜರಸ್, "ನೋಡು ಮಾರಾಯ, ಬೇಳೆ ಅಂದ್ರೆ ಇದು. ನಮ್ಮ ಅಭಾದಲ್ಲಿ ಎಷ್ಟು ಹೊತ್ತು ಬೇಯಿಸಿದ್ರೂ ಕಲ್ಲು. ಅಲ್ಲಿಯ ನೀರೇ ಸರಿ ಇಲ್ಲ" ಎಂದ.

ಅದೇ ಮೇಜಿನ ಆ ತುದಿಯಲ್ಲಿ ಒಬ್ಬರು ಕನ್ನಡಕದ ಸಣಕಲು ಮನುಷ್ಯ ಮೊಸರನ್ನ ಕಲೆಸುತ್ತಿದ್ದರು. ತಲೆ ಎತ್ತಿ, "ನಿಮ್ಮೂರಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯತ್ತೆ?" ಎಂದು ಕೇಳಿದರು.

"ಎಂತ ಪ್ರಶ್ನೆ ಇದು? ನೂರಕ್ಕೆ. ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತುಂಟು."

"ಸರಿ. ನೀವು ನೋಡಿದ್ದೀರಾ?"

ಲಾಜರಸ್ ಇನ್ನಷ್ಟು ಸಾರು ಸುರಿದುಕೊಂಡ. ಆ ಮನುಷ್ಯ ನೋಡಿ ಬರೆಯಿರಿ ಎಂದು ಹೋಟೆಲಿನ ಬಿಲ್ಲಿನ ಹಿಂದೆ ತಮ್ಮ ವಿಳಾಸ ಬರೆದುಕೊಟ್ಟು, ಕೈ ತೊಳೆದು, ನಮಸ್ಕಾರ ಹೇಳಿ ಹೋದರು. ಹೆಸರು ರಘುನಂದನ್, ಮೈಸೂರಿನವರು, ಜಿದ್ದಾದ ಒಂದು ನೀರು ಶುದ್ಧಿ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ದಾರಿಯುದ್ದಕ್ಕೂ ಲಾಜರಸ್ ಗೊಣಗಿದನಂತೆ, "ನೋಡಿದ್ದೀರಾ ಅಂತೆ, ನೋಡಿದ್ದೀರಾ!"

ಬಂದವನೇ ಆಸ್ಪತ್ರೆಯ ಲ್ಯಾಬಿನಿಂದ ಥರ್ಮಾಮೀಟರ್ ತಂದು ನಮ್ಮ ಅಡಿಗೆಮನೆಯ ಕೆಟಲಿನಲ್ಲಿ ಇಳಿಬಿಟ್ಟ. ನೀರು ಕೊತಕೊತ ಕುದಿಯುತ್ತಿತ್ತು. ಪಾದರಸ ತೊಂಬತ್ತೆರಡೂವರೆಗೆ ಹೋಗಿ ನಿಂತಿತು. ಇನ್ನೆರಡು ತಂದ, ಅವೂ ಅಷ್ಟೇ. ಆಗ ಬರೆದದ್ದು ಅವನ ಮೊದಲ ಕಾಗದ: "ಮಾನ್ಯರೇ, ನಮ್ಮ ಥರ್ಮಾಮೀಟರ್ ಹಾಳಾಗಿದೆ. ತೊಂಬತ್ತೆರಡೂವರೆ ತೋರಿಸುತ್ತದೆ. ಮೂರೂ ಹಾಳಾಗಿವೆ."

ಮುಂದಿನ ವ್ಯಾನಿನಲ್ಲಿ ಉತ್ತರ ಬಂತು. "ಮಾನ್ಯರೇ, ಮೂರೂ ಸರಿಯಾಗಿವೆ. ಹಾಳಾಗಿರುವುದು ಐದನೇ ಕ್ಲಾಸಿನ ಪುಸ್ತಕ. ನೀವು ಸಮುದ್ರಕ್ಕಿಂತ ಎರಡು ಸಾವಿರದ ಇನ್ನೂರು ಮೀಟರ್ ಮೇಲೆ ಕೂತಿದ್ದೀರಿ. ಅಲ್ಲಿ ನಿಮ್ಮ ತಲೆಯ ಮೇಲಿರುವ ಗಾಳಿಯೂ ಕಡಿಮೆ, ಅದರ ಭಾರವೂ ಕಡಿಮೆ. ಮೇಲಿಂದ ಅದುಮುವ ಕೈ ಹಗುರಾದರೆ ನೀರು ಬೇಗನೆ ಎದ್ದು ಕುದಿಯುತ್ತದೆ. ಕುದಿಯುತ್ತದೆ, ಆದರೆ ಅಷ್ಟು ಬಿಸಿ ಇರುವುದಿಲ್ಲ. ಪಾಪ, ನಿಮ್ಮ ಬೇಳೆಯ ತಪ್ಪಿಲ್ಲ."

ಅಲ್ಲಿಂದ ಹಿಡಿಯಿತು ಹುಚ್ಚು.

ರಘುನಂದನ್ ಮುಂದಿನ ಕಾಗದದಲ್ಲಿ ಇನ್ನೂರು ವರ್ಷಗಳ ಹಿಂದಿನ ಯುರೋಪಿನ ಪಂಡಿತರ ಸುದ್ದಿ ಬರೆದರು. ಆಗ ವಿಜ್ಞಾನಕ್ಕೆ ದೊಡ್ಡ ದೊಡ್ಡ ಆಫೀಸುಗಳಿರಲಿಲ್ಲವಂತೆ, ಕಾಗದಗಳಿದ್ದವಂತೆ. ಒಬ್ಬ ಪಾದ್ರಿ, ಒಬ್ಬ ವೈದ್ಯ, ಒಬ್ಬ ಗಡಿಯಾರ ರಿಪೇರಿಯವನು, ಬೇರೆ ಬೇರೆ ದೇಶದಲ್ಲಿ ಕೂತು ವರ್ಷಗಟ್ಟಲೆ ಒಬ್ಬರಿಗೊಬ್ಬರು ಬರೆಯುವುದು, ಬೀಜ, ಕಲ್ಲು, ಥರ್ಮಾಮೀಟರ್ ಹತ್ತಿಯಲ್ಲಿ ಸುತ್ತಿ ಕಳಿಸುವುದು. ಅವರವರ ರಾಜರು ಯುದ್ಧ ಮಾಡುತ್ತಿದ್ದರೂ ಇವರ ಕಾಗದ ನಿಲ್ಲುತ್ತಿರಲಿಲ್ಲವಂತೆ. ಹಿಮದ ಬೆಟ್ಟಕ್ಕೆ ಒಲೆ ಹೊತ್ತು ಹತ್ತಿ ನೀರು ಕುದಿಸಿ ನೋಡಿದವರೂ ಇದ್ದರಂತೆ. "ನೀವು ಕೆಟಲಿನಲ್ಲಿ ಮಾಡಿದ್ದೂ ಅದನ್ನೇ. ನಾವೂ ಹಾಗೆಯೇ ಬರೆದುಕೊಳ್ಳೋಣವೇ? ನಿಯಮ ಮೂರು. ಪ್ರತಿ ಕಾಗದದ ಕೊನೆಗೆ ಒಂದು ಪ್ರಶ್ನೆ ಇರಬೇಕು. ಓದಿದ್ದು, ಕೇಳಿದ್ದು ಬರೆಯಬಾರದು, ನೋಡಿದ್ದು ಮಾತ್ರ ಬರೆಯಬೇಕು. ಪ್ರಯೋಗ ಮಾಡುವಾಗ ಪಕ್ಕದಲ್ಲಿದ್ದವರ ಸಹಿ ಹಾಕಿಸಬೇಕು, ದೂರದ ಗೆಳೆಯ ನಂಬುವಂತೆ. ಅವರೂ ಹಾಗೆ ಮಾಡುತ್ತಿದ್ದರು."

ಕಾಗದದ ಅಡಿಯಲ್ಲಿ "ತಮ್ಮ ಅತ್ಯಂತ ವಿಧೇಯ ಸೇವಕ, ರಘುನಂದನ್" ಎಂದಿತ್ತು. ಅದೂ ಆ ಕಾಲದ ಶೈಲಿಯಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಲಾಜರಸ್ ಮಾತ್ರ ನಗಲಿಲ್ಲ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಕಾಮಾ, ಅಂದರೆ ಅಲ್ಲಿ ವಾಸಕ್ಕೆ ಕೊಡುವ ಪರವಾನಗಿ, ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟುಕೊಂಡ.

ಎರಡು ವರ್ಷ ಲ್ಯಾನ್ಸಿ ಇವರಿಬ್ಬರ ಅಂಚೆಯವನಾದ. ಹೋಗುವಾಗ ಒಂದು ಕಾಗದ, ಬರುವಾಗ ಒಂದು. ರಘುನಂದನ್ ಒಂದು ಲೀಟರ್ ಸಮುದ್ರದ ನೀರು ಬತ್ತಿಸಿ ಅದರ ಉಪ್ಪನ್ನು ಪೊಟ್ಟಣ ಕಟ್ಟಿ ಕಳಿಸಿದರು, ತೂಗಿದರೆ ನಲವತ್ತು ಗ್ರಾಂ. ತೂಗಿ ಆದ ಮೇಲೆ ಲಾಜರಸ್ ಅದನ್ನು ಗಂಜಿಗೆ ಹಾಕಿಕೊಂಡು ತಿಂದ, "ಸ್ವಲ್ಪ ಕಹಿ ಉಂಟು" ಎಂದು ಬರೆದ. ಅಭಾದಲ್ಲಿ ಆಲಿಕಲ್ಲು ಬಿದ್ದಾಗ ಅಳತೆ ಪಟ್ಟಿ ಹಿಡಿದು ಅಂಗಳಕ್ಕೆ ಓಡಿದ. ಒಂದು ಸಲ ಇವನು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಬಿಗಿಯಾಗಿ ಮುಚ್ಚಳ ತಿರುಗಿಸಿ, "ಅಭಾದ ಗಾಳಿ" ಎಂದು ಚೀಟಿ ಅಂಟಿಸಿ ಕಳಿಸಿದ. ಘಾಟಿ ಇಳಿಯುತ್ತಿದ್ದಂತೆ ಬಾಟಲಿ ತನ್ನಷ್ಟಕ್ಕೆ ಚಟಚಟ ಎಂದು ಸೊಟ್ಟಗಾಯಿತಂತೆ. ಜಿದ್ದಾ ತಲುಪುವಾಗ ಯಾರೋ ಮೇಲೆ ಕೂತ ಹಾಗೆ ಚಪ್ಪಟೆ. ಲ್ಯಾನ್ಸಿ ಹೆದರಿ, "ದೇವರಾಣೆ ನಾನು ಮುಟ್ಟಲಿಲ್ಲ" ಎಂದು ರಘುನಂದನರಿಗೆ ಹೇಳಿದನಂತೆ. ಅವರು ಅದನ್ನೇ ಬರೆಸಿ ಸಾಕ್ಷಿಯೆಂದು ಸಹಿ ಹಾಕಿಸಿಕೊಂಡರು. ಕೆಳಗಿನ ಗಾಳಿ ಭಾರ, ಒಳಗಿದ್ದ ನಮ್ಮ ಗಾಳಿ ಹಗುರ, ಹೊರಗಿನದು ಒಳಗಿನದನ್ನು ಅದುಮಿತು, ಇಷ್ಟೇ ಸಂಗತಿ.

ನನಗೆ ಇದೆಲ್ಲ ಹುಡುಗಾಟಿಕೆಯಾಗಿ ಕಂಡಿತು. ಕೆಲಸದ ಹೊತ್ತಿನಲ್ಲಿ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಇವನು ಕಾಗದ ಬರೆಯುತ್ತಿದ್ದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಎಷ್ಟೋ ಸಲ ಮುಖಕ್ಕೇ ಹೇಳಿದ್ದೆ.

ತೊಂಬತ್ತೈದರಲ್ಲಿ ಆಸ್ಪತ್ರೆಗೆ ಹೊಸ ಆಟೋಕ್ಲೇವ್ ಬಂತು. ಹಬೆಯಲ್ಲಿ ಉಪಕರಣ ಬೇಯಿಸುವ ಯಂತ್ರ ಅದು, ನಮ್ಮ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. ಮುಖದ ಮೇಲೆ ಒಂದೇ ಡಯಲು, ಅದರಲ್ಲಿ ಒಂದೇ ಮುಳ್ಳು. ಮೇಲಿನ ಸಾಲಿನಲ್ಲಿ ಪೌಂಡಿನ ಲೆಕ್ಕದ ಒತ್ತಡ, ಅದರ ಕೆಳಗೇ ಕೆಂಪಿನಲ್ಲಿ ಶಾಖ. ಮುಳ್ಳು ಹದಿನೈದಕ್ಕೆ ಬಂದರೆ ಕೆಳಗೆ ನೂರ ಇಪ್ಪತ್ತೊಂದು ಡಿಗ್ರಿ ಎಂದು ಅಚ್ಚಾಗಿತ್ತು. ನೂರ ಇಪ್ಪತ್ತೊಂದರಲ್ಲಿ ಹದಿನೈದು ನಿಮಿಷ ಇಟ್ಟರೆ ಯಾವ ರೋಗಾಣುವೂ ಉಳಿಯದು. ಹಳೆಯ ಯಂತ್ರವನ್ನು ಲಾಜರಸನಿಗಿಂತ ಮೊದಲಿದ್ದವನ ಪದ್ಧತಿಯಂತೆ ನಲವತ್ತು ನಿಮಿಷ ನಡೆಸುತ್ತಿದ್ದರು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸದರ ಪುಸ್ತಕದಲ್ಲಿ ಹದಿನೈದೇ ಸಾಕು ಎಂದಿತ್ತು, ಎಲ್ಲರಿಗೂ ಖುಷಿಯಾಯಿತು.

ಎರಡು ಮೂರು ತಿಂಗಳಲ್ಲಿ ಹೊಲಿಗೆ ಹಾಕಿದ ಗಾಯಗಳು ಕೀವಾಗತೊಡಗಿದವು. ಮೊದಲು ಒಂದು, ಆಮೇಲೆ ಮೂರು. ಎಂಟು ತಿಂಗಳಾಗುವಾಗ ಹನ್ನೊಂದು ಜನ. ಹರ್ನಿಯಾ ಆಪರೇಷನ್ ಆದ ಒಬ್ಬ ಮುದುಕ ಐದು ವಾರ ಮಲಗಿದ. ನಮ್ಮ ಸರ್ಜನ್, ಆಸ್ಪತ್ರೆಯ ಮುಖ್ಯಸ್ಥರೂ ಅವರೇ, ಡಾಕ್ಟರ್ ಅಬ್ದುಲ್ಲಾ. ನ್ಯಾಯದ ಮನುಷ್ಯ, ಆದರೆ ಕಟ್ಟುನಿಟ್ಟು. ಥಿಯೇಟರ್ ತೊಳೆಸಿದರು, ಎಲ್ಲರ ಕೈ ಪರೀಕ್ಷಿಸಿದರು, ಕೊನೆಗೆ ಯಂತ್ರದ ಕಂಪನಿಯ ಇಂಜಿನಿಯರನ್ನು ಕರೆಸಿದರು. ಆತ ಡಯಲು ನೋಡಿದ, ಪೊಟ್ಟಣದ ಮೇಲೆ ಅಂಟಿಸುವ, ಬಿಸಿಗೆ ಕಪ್ಪಾಗುವ ಟೇಪನ್ನು ನೋಡಿದ. "ಡಯಲು ನೂರ ಇಪ್ಪತ್ತೊಂದು ತೋರಿಸುತ್ತದೆ, ಟೇಪು ಕಪ್ಪಾಗಿದೆ, ಯಂತ್ರ ಸರಿ ಇದೆ. ನಡೆಸುವವನು ಸರಿ ಇಲ್ಲ" ಎಂದು ಬರೆದುಕೊಟ್ಟು ಕೈ ತೊಳೆದುಕೊಂಡ.

ಡಾಕ್ಟರು ನನ್ನ ಹೇಳಿಕೆ ಕೇಳಿದರು. ಇಲ್ಲಿದೆ ನನ್ನ ತಪ್ಪು. ನಾನು ಎರಡು ಸಾಲು ಬರೆದೆ. "ಲಾಜರಸ್ ಕೆಲಸದ ವೇಳೆಯಲ್ಲಿ ಕಾಗದ ಬರೆಯುತ್ತಾ ಕೂರುತ್ತಾನೆ. ಯಂತ್ರವನ್ನು ಪೂರ್ತಿ ಹೊತ್ತು ನಡೆಸುವುದಿಲ್ಲ." ಸಹಿ ಹಾಕಿದೆ. ಮೊದಲ ಸಾಲು ನಾನು ನೋಡಿದ್ದು. ಎರಡನೆಯದು ಸಿಟ್ಟು ಬರೆಸಿದ್ದು.

ಯಂತ್ರಕ್ಕೆ ಸೀಲು ಬಿತ್ತು. ಆಪರೇಷನ್‌ಗಳನ್ನು ಬೇರೆ ಆಸ್ಪತ್ರೆಗೆ ಕಳಿಸತೊಡಗಿದರು. ಹದಿನೈದು ದಿನ ಬಿಟ್ಟು ಶನಿವಾರ ವಿಚಾರಣೆ, ತಪ್ಪು ಸಾಬೀತಾದರೆ ಲಾಜರಸನಿಗೆ ಫೈನಲ್ ಎಕ್ಸಿಟ್, ಅಂದರೆ ವೀಸಾ ಮುಗಿಸಿ ಊರಿಗೆ ಕಳಿಸುವುದು. ರೋಗಿಗಳಿಗೆ ಕೇಡು ಮಾಡಿದವನೆಂದು ಕಾಗದದಲ್ಲಿ ಬರೆಸಿಕೊಂಡು ಊರಿಗೆ ಹೋದವನನ್ನು ಮತ್ತೆ ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ? ಊರಲ್ಲಿ ಹೆಂಡತಿ ಪೆಟ್ರೊನಿಲ್ಲಾ, ಮೂವರು ಶಾಲೆಗೆ ಹೋಗುವ ಮಕ್ಕಳು. ಅವನು ಅದನ್ನೆಲ್ಲ ಬಾಯಿ ಬಿಟ್ಟು ಹೇಳಲಿಲ್ಲ. ಪ್ರತಿದಿನ ವಾರ್ಡಿಗೆ ಹೋಗಿ ಆ ಮುದುಕನ ಮಂಚದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದ.

ಒಂದು ದಿನ ನಾನು ಸ್ಟೆರಿಲೈಸಿಂಗ್ ಕೋಣೆಗೆ ಹೋದಾಗ ಅವನು ಸೀಲು ಹಾಕಿದ ಯಂತ್ರದ ಎದುರು ಸ್ಟೂಲು ಹಾಕಿ ಕೂತಿದ್ದ. ಯಂತ್ರ ತಣ್ಣಗಿತ್ತು, ಡಯಲಿನ ಮುಳ್ಳು ಸೊನ್ನೆಯ ಮೇಲಿತ್ತು.

"ಎಂತ ನೋಡ್ತಿದ್ದಿ?"

"ಸಿಸ್ಟರ್, ಈ ಸೊನ್ನೆ ಯಾವ ಊರಿದ್ದು?"

ಇವನಿಗೆ ತಲೆ ಕೆಟ್ಟಿತೆಂದೇ ನಾನು ತಿಳಿದೆ. ಅವನು ಮಾತ್ರ ಎದ್ದು ನಿಂತು ಕೈ ಆಡಿಸುತ್ತಾ ಮಾತಾಡತೊಡಗಿದ. "ಲ್ಯಾನ್ಸಿಯ ಬಾಟ್ಲಿ ನೆನಪುಂಟಾ? ಹೊರಗಿನ ಗಾಳಿ ಅದುಮಿದ್ದು? ಈ ಮುಳ್ಳು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಒತ್ತಡ ಉಂಟು ಅಂತ ಮಾತ್ರ ಹೇಳ್ತದೆ. ಜಿದ್ದಾದ ಭಾರದ ಗಾಳಿ ಮೇಲೆ ಹದಿನೈದು ಅಂದ್ರೆ ಒಂದು. ನಮ್ಮ ಹಗುರ ಗಾಳಿ ಮೇಲೆ ಹದಿನೈದು ಅಂದ್ರೆ ಬೇರೆ. ಒಟ್ಟು ಒತ್ತಡ ಕಮ್ಮಿ, ಶಾಖವೂ ಕಮ್ಮಿ. ಆ ಕೆಂಪು ನೂರ ಇಪ್ಪತ್ತೊಂದು ಯಾರೂ ಅಳೆದದ್ದಲ್ಲ ಸಿಸ್ಟರ್, ಪ್ರಿಂಟ್ ಮಾಡಿದ್ದು! ನಮ್ಮ ಕೆಟಲಿನ ಹಾಗೆ ಇದೂ ಕುದಿತದೆ, ಬೇಯಿಸುವುದಿಲ್ಲ."

ಅಂದೇ ಲ್ಯಾನ್ಸಿಯ ಕೈಯಲ್ಲಿ ಕಾಗದ ಹೋಯಿತು. ಸಹಾಯ ಮಾಡಿ ಎಂದು ಒಂದು ಮಾತೂ ಅದರಲ್ಲಿ ಇರಲಿಲ್ಲವಂತೆ. ಇದ್ದದ್ದು ಯಂತ್ರದ ವಿವರ, ಮತ್ತು ನಿಯಮದ ಪ್ರಕಾರ ಕೊನೆಗೊಂದು ಪ್ರಶ್ನೆ: "ಈ ಸೊನ್ನೆ ಯಾವ ಊರಿನ ಸೊನ್ನೆ?" ವಿಷಯವೆಲ್ಲ ಬಾಯಿಬಿಟ್ಟು ಹೇಳಿದವನು ಲ್ಯಾನ್ಸಿ. ರಘುನಂದನ್ ವ್ಯಾನನ್ನು ಲ್ಯಾಬಿನ ಬಾಗಿಲಲ್ಲೇ ನಿಲ್ಲಿಸಿ, ಒಂದು ಗಂಟೆ ಕೂತು ಉತ್ತರ ಬರೆದರು. ಜೊತೆಗೆ ಒಂದು ಟವೆಲಿನಲ್ಲಿ ಸುತ್ತಿದ ವಿಶೇಷ ಥರ್ಮಾಮೀಟರ್. ಜ್ವರ ನೋಡುವುದರ ಹಾಗೆ ಅದು ಏರಿದಲ್ಲೇ ನಿಲ್ಲುತ್ತದೆ, ಕೊಡವಿದರೆ ಮಾತ್ರ ಇಳಿಯುತ್ತದೆ. ಮುಚ್ಚಿದ ಯಂತ್ರದೊಳಗೆ ಎಷ್ಟು ಬಿಸಿ ಇತ್ತೆಂದು ಹೊರಗೆ ಬಂದ ಮೇಲೂ ಹೇಳುತ್ತದೆ. ಕಳಿಸುವ ಮೊದಲು ಅದನ್ನು ಕುದಿಯುವ ನೀರಿಗೆ ಇಳಿಸಿ, ಜಿದ್ದಾದಲ್ಲಿ ನೂರು ತೋರಿಸಿತೆಂದು ಬರೆದು ಲ್ಯಾನ್ಸಿಯ ಸಹಿಯನ್ನೂ ಹಾಕಿಸಿದ್ದರು.

ಲ್ಯಾನ್ಸಿ ಹಿಂದಿರುಗಿದ್ದು ವಿಚಾರಣೆಯ ಹಿಂದಿನ ದಿನ ಸಂಜೆ. ಕಾಗದದಲ್ಲಿ ಹೀಗಿತ್ತು: "ಮಿತ್ರರೇ, ಸೊನ್ನೆ ನಿಮ್ಮ ಅಭಾದ್ದೇ, ಕೆಳಗಿನ ಕೆಂಪು ಅಂಕಿಗಳು ಜಿದ್ದಾದವು. ನನ್ನ ಲೆಕ್ಕದ ಪ್ರಕಾರ ನಿಮ್ಮ ಹದಿನೈದಕ್ಕೆ ನೂರ ಹದಿನೇಳು ಡಿಗ್ರಿ ಮಾತ್ರ. ನೂರ ಇಪ್ಪತ್ತೊಂದು ಬೇಕಾದರೆ ಮುಳ್ಳನ್ನು ಹದಿನೆಂಟೂವರೆಗೆ ಏರಿಸಬೇಕು. ಅದಕ್ಕೆ ಮೊದಲು ಯಂತ್ರದ ಬೆನ್ನಿನ ತಗಡು ಓದಿ, ಎಷ್ಟು ತಾಳುತ್ತದೆಂದು ಅಲ್ಲಿರುತ್ತದೆ. ಆದರೆ ನನ್ನ ಲೆಕ್ಕವನ್ನು ನಂಬಬೇಡಿ. ಇಟ್ಟು ನೋಡಿ."

ಇಟ್ಟು ನೋಡುವುದು ಹೇಗೆ? ಯಂತ್ರಕ್ಕೆ ಸೀಲು. ಲೆಕ್ಕ ಸುಳ್ಳಾದರೆ ಎಲ್ಲರ ಎದುರೇ ಸುಳ್ಳಾಗಬೇಕು.

ಶನಿವಾರ ಬೆಳಿಗ್ಗೆ ಡಾಕ್ಟರ್ ಅಬ್ದುಲ್ಲಾರ ಕೋಣೆಯಲ್ಲಿ ಇಂಜಿನಿಯರ್, ನಾನು, ಲಾಜರಸ್. ಡಾಕ್ಟರು ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು. ಲಾಜರಸ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಟವೆಲು ಬಿಚ್ಚಿ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟು, ತನ್ನ ಅರಬ್ಬಿ-ಇಂಗ್ಲಿಷ್ ಕಿಚಡಿಯಲ್ಲಿ, "ಡಾಕ್ಟರ್, ಮಾತು ಖಲಾಸ್. ವನ್ ಅವರ್ ಕೊಡಿ, ಓನ್ಲಿ ಲುಕ್" ಎಂದ.

ಡಾಕ್ಟರು ಅವನ ಮುಖವನ್ನೇ ನೋಡಿದರು. ಆಮೇಲೆ ಎದ್ದರು. "ಯಲ್ಲಾ, ನಡೆಯಿರಿ."

ಸೀಲು ಒಡೆದರು. ಥರ್ಮಾಮೀಟರನ್ನು ಬಟ್ಟೆಯ ಪೊಟ್ಟಣದ ನಡುವೆ ಇಟ್ಟು ಬಾಗಿಲು ಬಿಗಿದರು. ಇಂಜಿನಿಯರನೇ ಗುಂಡಿ ಒತ್ತಲಿ ಎಂದು ಲಾಜರಸ್ ಹಿಂದೆ ಸರಿದು ನಿಂತ. ಮುಳ್ಳು ಹದಿನೈದಕ್ಕೆ ಏರಿತು, ಕೆಳಗೆ ಕೆಂಪಿನಲ್ಲಿ ನೂರ ಇಪ್ಪತ್ತೊಂದು. ಹದಿನೈದು ನಿಮಿಷ. ಹಬೆ ಬಿಟ್ಟು ಬಾಗಿಲು ತೆಗೆದಾಗ ಡಾಕ್ಟರೇ ಗ್ಲೌಸ್ ಹಾಕಿ ಥರ್ಮಾಮೀಟರ್ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇಂಜಿನಿಯರನ ಕೈಗೆ ಕೊಟ್ಟರು. "ಓದು."

ಇಂಜಿನಿಯರ್ ಒಮ್ಮೆ ನೋಡಿದ, ತಿರುಗಿಸಿ ನೋಡಿದ. "ನೂರ ಹದಿನೇಳು. ಈ ಥರ್ಮಾಮೀಟರ್ ಹಾಳಾಗಿದೆ."

ಲಾಜರಸ್ ಜೋರಾಗಿ ನಕ್ಕುಬಿಟ್ಟ. "ನಾನೂ ಮೊದಲು ಇದನ್ನೇ ಬರೆದದ್ದು!" ಎಂದು ನನಗೆ ಹೇಳಿ, ಕೆಟಲ್ ತರಿಸಿದ. ರಘುನಂದನರ ಥರ್ಮಾಮೀಟರನ್ನು ಕೊಡವಿ, ನಮ್ಮ ಲ್ಯಾಬಿನದನ್ನು ಅದರ ಪಕ್ಕದಲ್ಲಿ ಹಿಡಿದು ಎರಡನ್ನೂ ಕುದಿಯುವ ನೀರಿಗೆ ಇಳಿಸಿದ. ಎರಡೂ ತೊಂಬತ್ತೆರಡೂವರೆ. "ಇದೇ ಜಿದ್ದಾದಲ್ಲಿ ನೂರು ತೋರಿಸಿದೆ ಡಾಕ್ಟರ್, ಸಾಕ್ಷಿಯ ಸಹಿ ಉಂಟು" ಎಂದು ಕಾಗದ ಮುಂದೆ ಹಿಡಿದ.

ಯಂತ್ರದ ಬೆನ್ನಿನ ತಗಡಿನಲ್ಲಿ ಮೂವತ್ತರವರೆಗೆ ಅಡ್ಡಿಯಿಲ್ಲ ಎಂದಿತ್ತು. ಎರಡನೆಯ ಸಲ ಲಾಜರಸನೇ ನಡೆಸಿದ. ಮುಳ್ಳು ಹದಿನೈದು ದಾಟಿತು, ಹದಿನೇಳು, ಹದಿನೆಂಟೂವರೆ. ಆ ಹದಿನೈದು ನಿಮಿಷ ನಾನು ಮನಸ್ಸಿನಲ್ಲೇ ಜಪಸರ ಹೇಳಿದೆ. ಬಾಗಿಲು ತೆಗೆದಾಗ ಡಾಕ್ಟರ್ ಅಬ್ದುಲ್ಲಾ ಈ ಸಲ ಯಾರ ಕೈಗೂ ಕೊಡಲಿಲ್ಲ. ತಾವೇ ಓದಿದರು. "ನೂರ ಇಪ್ಪತ್ತೊಂದು."

ಗೆದ್ದ ಮಾರಾಯ! ನಾನು ಚಪ್ಪಾಳೆ ತಟ್ಟಿಬಿಟ್ಟೆ, ಡಾಕ್ಟರರ ಎದುರೇ. ಅವರು ಬೈಯಲಿಲ್ಲ. ಡಯಲಿನ ಗಾಜಿನ ಮೇಲೆ ಬೆರಳಿಟ್ಟು ನಿಧಾನವಾಗಿ, "ಎಂಟು ತಿಂಗಳು ನಾವು ಜಿದ್ದಾದ ಡಯಲು ಓದಿಕೊಂಡು ಅಭಾದಲ್ಲಿ ಆಪರೇಷನ್ ಮಾಡಿದ್ದೇವೆ" ಎಂದರು. ಹಳೆಯ ಯಂತ್ರವನ್ನು ನಲವತ್ತು ನಿಮಿಷ ನಡೆಸುತ್ತಿದ್ದುದು ಯಾಕೆಂದು ಆಗ ನಮಗೆಲ್ಲ ಹೊಳೆಯಿತು. ಯಾವ ಪುಣ್ಯಾತ್ಮ ಹಾಗೆ ಶುರು ಮಾಡಿದ್ದನೋ, ಶಾಖದ ಕೊರತೆಯನ್ನು ಹೊತ್ತಿನಲ್ಲಿ ತುಂಬಿಸುತ್ತಿದ್ದ. "ಈ ಲೆಕ್ಕ ಹಾಕಿದ ಜಿದ್ದಾದ ವಿಜ್ಞಾನಿ ಯಾರು?" ಎಂದು ಡಾಕ್ಟರು ಕೇಳಿದರು.

"ನನ್ನ ಫ್ರೆಂಡ್, ಡಾಕ್ಟರ್. ಒಂದೇ ಸಲ ನೋಡಿದ್ದು. ಕಾಗದ ಬರೆದುಕೊಳ್ತೇವೆ."

"ಮತ್ತೆ ನೀನು?"

"ನಾನು ಫಿಸಿಕ್ಸಿನಲ್ಲಿ ಎರಡು ಸಲ ಫೇಲು."

ಡಾಕ್ಟರರ ನಗು ಕಾರಿಡಾರಿನವರೆಗೆ ಕೇಳಿಸಿತು.

ಲಾಜರಸ್ ಅಷ್ಟರಲ್ಲಿ ಸ್ಟೂಲಿನ ಮೇಲೆ ಕೂತು ಬರೆಯತೊಡಗಿದ್ದ. ಎರಡು ಪ್ರಯೋಗ, ಎರಡು ಸಂಖ್ಯೆ, ತಾರೀಕು. ಕೆಳಗೆ ಸಾಕ್ಷಿಗಳ ಜಾಗ. ಡಾಕ್ಟರ್ ಅಬ್ದುಲ್ಲಾ ಅರಬ್ಬಿಯಲ್ಲಿ ಸಹಿ ಹಾಕಿದರು, ಇಂಜಿನಿಯರನೂ ಹಾಕಿದ, ಅವನಿಗೆ ಬೇರೆ ದಾರಿ ಇರಲಿಲ್ಲ. ಲಾಜರಸ್ ಪೆನ್ನನ್ನು ನನ್ನ ಕಡೆ ಚಾಚಿದ.

ನಾನು ತಕ್ಷಣ ತೆಗೆದುಕೊಳ್ಳಲಿಲ್ಲ. "ಡಾಕ್ಟರ್, ನನ್ನ ಹೇಳಿಕೆಯ ಎರಡನೇ ಸಾಲು ನಾನು ನೋಡಿದ್ದಲ್ಲ. ಇವನು ಒಂದು ನಿಮಿಷವೂ ಕಮ್ಮಿ ನಡೆಸಿದ್ದನ್ನು ನಾನು ಕಂಡಿಲ್ಲ. ಸಿಟ್ಟಿನಲ್ಲಿ ಬರೆದೆ" ಎಂದೆ. ಅಷ್ಟು ಹೇಳಿ ಅತ್ತುಬಿಟ್ಟೆ. ಡಾಕ್ಟರು ಫೈಲಿನಿಂದ ಆ ಹಾಳೆ ತೆಗೆದು ನನ್ನ ಕೈಯಲ್ಲೇ ಕೊಟ್ಟರು. ನಾನು ಆ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಆಮೇಲೆ ಲಾಜರಸನ ಹಾಳೆಗೆ ಬಗ್ಗಿದೆ.

"ಹಾಳೆ ಒದ್ದೆ ಮಾಡಬೇಡಿ ಸಿಸ್ಟರ್. ಸಾಕ್ಷಿ ಹಾಕುವವರು ಗಟ್ಟಿ ಇರ್ಬೇಕು" ಎಂದ ಲಾಜರಸ್. ಅಷ್ಟೇ. ಆ ಎರಡನೇ ಸಾಲಿನ ಬಗ್ಗೆ ಅವನು ಅಂದೂ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅವನ ಕಾಂಟ್ರಾಕ್ಟ್ ಎರಡು ವರ್ಷ ಮುಂದೆ ಹೋಯಿತು. ಡಯಲಿನ ಕೆಂಪು ಅಂಕಿಗಳ ಮೇಲೆ ಕಾಗದ ಅಂಟಿಸಿ, ಹದಿನೆಂಟೂವರೆಯ ಹತ್ತಿರ ಅವನೇ ಗೆರೆ ಎಳೆದ. ಅದಾದ ಮೇಲೆ ಒಂದು ವರ್ಷ ನಮ್ಮಲ್ಲಿ ಹೊಲಿಗೆ ಹಾಕಿದ ಒಂದು ಗಾಯವೂ ಕೀವಾಗಲಿಲ್ಲ. ಇದು ನಾನು ನೋಡಿದ್ದು. ಬೆಟ್ಟದ ಮೇಲಿನ ಇತರ ಕ್ಲಿನಿಕ್ಕುಗಳಿಗೆ ಡಾಕ್ಟರು ಕಾಗದ ಕಳಿಸಿದರು, ಅದಕ್ಕೆ ಲಾಜರಸನ ಹಾಳೆಯ ನಕಲು ಲಗತ್ತಿಸಿದ್ದರು. ಐದು ವಾರ ಮಲಗಿದ್ದ ಮುದುಕ ಮನೆಗೆ ಹೋಗುವಾಗ ಲಾಜರಸನ ಕೈ ತುಂಬ ಖರ್ಜೂರ ಕೊಟ್ಟು ಹೋದ. ಯಾಕೆ ಕೊಟ್ಟನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ದಿನವೂ ಬಂದು ನಿಲ್ಲುತ್ತಿದ್ದವನೆಂದು ಇರಬೇಕು.

ಜಿದ್ದಾದ ಉತ್ತರ ಮುಂದಿನ ವ್ಯಾನಿನಲ್ಲಿ ಬಂತು. ಲಕೋಟೆಯ ಮೇಲೆ "ವಿದ್ವಾನ್ ಲಾಜರಸ್ ಮಿನೇಜಸ್, ಅಭಾ" ಎಂದಿತ್ತು. ಒಳಗೆ ಇನ್ನೊಂದು ಸಣ್ಣ ಮಡಿಕೆ ಹಾಳೆ, ಅದರ ಮೇಲೆ ನನ್ನ ಹೆಸರು. ಬೈದು ಬರೆದಿರಬೇಕು ಅಂದುಕೊಂಡೆ. ಬಿಡಿಸಿ ನೋಡಿದರೆ ಎರಡೇ ಸಾಲು.

"ಸಿಸ್ಟರ್ ಎಲ್ಸಾ ಅವರಿಗೆ. ಕುಕ್ಕರ್ ಇಲ್ಲದೆ ತೆರೆದ ಪಾತ್ರೆಯಲ್ಲಿ ಒಂದು ಪಾವು ತೊಗರಿಬೇಳೆ ಬೇಯಲು ಜಿದ್ದಾದಲ್ಲಿ ನಲವತ್ತೊಂದು ನಿಮಿಷ, ಅಭಾದಲ್ಲಿ ಎಷ್ಟು?"

ಅಂದೇ ಸಂಜೆ ಒಲೆ ಹೊತ್ತಿಸಿದೆ. ಪಾತ್ರೆಯ ಎದುರು ಸ್ಟೂಲು ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು ಕೂತೆ. ಲ್ಯಾನ್ಸಿ ಎರಡು ಸಲ ಬಂದು ಹಸಿವು ಎಂದ, ಎರಡು ಸಲವೂ ಬೈಸಿಕೊಂಡು ಹೋದ. ಕೊನೆಗೆ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದೆ, ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಲ್ಯಾನ್ಸಿಯನ್ನು ಕರೆದು ಸಾಕ್ಷಿಗೆ ಸಹಿ ಹಾಕಿಸಿ, ಕೆಳಗೆ ಬರೆದೆ:

"ಒಂದು ಗಂಟೆ ಮೂವತ್ತೆಂಟು ನಿಮಿಷ. ನಾನೇ ನೋಡಿದ್ದು. ತಮ್ಮ ಅತ್ಯಂತ ವಿಧೇಯ ಸೇವಕಿ, ಎಲ್ಸಾ."